ಪರದೆಯಲ್ಲಿ 815, ಒಲೆಯೊಳಗೆ ಎಷ್ಟು?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ಚಾಕು ಮಾಡುವ ಹುಚ್ಚು ಹಿಡಿದಿದೆ. ಗುಜರಿಯಲ್ಲಿ ಸಿಕ್ಕ ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ಉಜ್ಜಿ ಅಡುಗೆ ಚಾಕು ಮಾಡುತ್ತೇನೆ. ಗಟ್ಟಿ ಮಾಡಲು ತಾರಸಿಯ ಶೀಟಿನ ಕೋಣೆಯಲ್ಲಿ ನಾನೇ ಕರೆಂಟ್ ಒಲೆ ಕಟ್ಟಿದ್ದೇನೆ. ಬಿಳಿ ಇಟ್ಟಿಗೆ, ಕರೆಂಟಿಗೆ ಕಾಯುವ ಕಾಂತಲ್ ತಂತಿಯ ಸುರುಳಿ, 3 ಕಿಲೋವ್ಯಾಟ್. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್, ಅದನ್ನು ಓದುವ ಮ್ಯಾಕ್ಸ್6675 ಮಾಡ್ಯೂಲು, ಒಲೆಯನ್ನು ಹಚ್ಚಿ ಆರಿಸುವ 40 ಆಂಪ್ಸ್ ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಬಿಸಿ ನೋಡಿ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಪಿಐಡಿ ಕೋಡನ್ನೂ ನಾನೇ ಬರೆದೆ. ಥರ್ಮೋಕಪಲ್ ತಂತಿ ಗಿಡ್ಡವಾಗಿತ್ತು, ಹಿಂಬದಿಯ ಕನೆಕ್ಟರಿನಿಂದ ಎರಡು ಮೀಟರ್ ಮಾಮೂಲಿ ವೈರ್ ಸೇರಿಸಿದ್ದೇನೆ. ಕುದಿಯುವ ನೀರಿನಲ್ಲಿ ಪರೀಕ್ಷಿಸಿದಾಗ ಸರಿಯಾಗಿ 97 ತೋರಿಸಿತು. 815 ಡಿಗ್ರಿಗೆ ಸೆಟ್ ಮಾಡಿ, ಮುಕ್ಕಾಲು ಗಂಟೆ ಇಟ್ಟು, ಎರಡು ಚಾಕುಗಳನ್ನು ನೀರಿಗೆ ಅದ್ದಿದೆ. ಎರಡೂ ಟಣ್ ಎಂದು ಸೀಳಿದವು. ಮೂರನೆಯದನ್ನು ಹಳೆಯ ಎಂಜಿನ್ ಆಯಿಲಿಗೆ ಅದ್ದಿ, ಮರುದಿನ ಓಟಿಜಿಯಲ್ಲಿ (ಅಡುಗೆಮನೆಯ ಕರೆಂಟ್ ಓವನ್) ಅರ್ಧ ಗಂಟೆ ಕಾಯಿಸಿದೆ. ಅದು ಸೀಳಲಿಲ್ಲ. ಆದರೆ ಕಟ್ಟೆಯಿಂದ ಬಿದ್ದು ಮೂತಿ ಮುರಿಯಿತು. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿದೆ. ಪರದೆಯ ಮೇಲಿನ ಅಂಕಿ ಆಗಾಗ ಕೆಲವು ಸೆಕೆಂಡು ಅಲ್ಲಾಡದೆ ನಿಲ್ಲುತ್ತದೆ. ನನ್ನ ಕೋಡ್ ತಪ್ಪೇ? ಇನ್ನೂ ದೊಡ್ಡ ಬೋರ್ಡಾದ ರಾಸ್ಪ್‌ಬೆರಿ ಪೈಗೆ ಬದಲಾಯಿಸಲೇ? ಊರಲ್ಲಿ ನಮ್ಮ ಕಮ್ಮಾರರು ಮಚ್ಚನ್ನು ನೀರಿಗೇ ಅದ್ದುತ್ತಿದ್ದರು, ಒಂದೂ ಒಡೆದದ್ದು ನೋಡಿಲ್ಲ. ಒಲೆಯನ್ನು ರಾತ್ರಿ ಹಚ್ಚಿಟ್ಟು ಮಲಗಬಹುದೇ? ಮನೆ ಸುಟ್ಟೀತು ಎಂದು ಹೆಂಡತಿಗೆ ಭಯ. ಚಾಕು ಮಾಡಿದರೆ ಪೊಲೀಸರ ತಕರಾರು ಉಂಟೇ?

ಉತ್ತರ: ಸೀಳಿದ ಎರಡು ಚಾಕುಗಳನ್ನು ಎಸೆದಿಲ್ಲ ತಾನೇ? ಇಟ್ಟುಕೊಂಡಿರಿ, ಕೊನೆಗೆ ಅವುಗಳ ಕೆಲಸ ಇದೆ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕೋಡ್ ಅಲ್ಲ, ಆ ಎರಡು ಮೀಟರ್ ಮಾಮೂಲಿ ವೈರ್. ನಾನು ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತಾರು ವರ್ಷ ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ) ಶೆಡ್‌ಗಳಲ್ಲಿ ಕಳೆದವನು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ರಾತ್ರಿ ಪಾಳಿಯಲ್ಲಿ ಫರ್ನೇಸಿನ ಥರ್ಮೋಕಪಲ್ ತನ್ನ ತೂತಿನಿಂದ ಅರ್ಧ ಜಾರಿತ್ತು. ಪ್ಯಾನೆಲ್ ಮೇಲಿನ ಅಂಕಿ ರಾತ್ರಿಯಿಡೀ ಅಚ್ಚುಕಟ್ಟಾಗಿ ನಿಂತಿತ್ತು. ನಾನೂ ಅರ್ಧ ಗಂಟೆಗೊಮ್ಮೆ ಅದನ್ನು ಅಷ್ಟೇ ಅಚ್ಚುಕಟ್ಟಾಗಿ ಪುಸ್ತಕದಲ್ಲಿ ಬರೆದೆ. ಬೆಳಿಗ್ಗೆ ಬಾಗಿಲು ತೆಗೆದರೆ ಶಾಫ್ಟುಗಳೆಲ್ಲ ಬೆಂದ ಮರಗೆಣಸಿನ ಹಾಗೆ ಬಾಗಿದ್ದವು. ಅಂದಿನಿಂದ ಪರದೆಯ ಅಂಕಿ ಕಂಡರೆ ಇದು ಯಾವ ಜಾಗದ ಬಿಸಿ ಎಂದು ಕೇಳುವುದು ಅಭ್ಯಾಸವಾಗಿದೆ.

ನಿಮ್ಮ ಒಲೆಯಲ್ಲಿ ಏನಾಗುತ್ತಿದೆ ನೋಡಿ. ಥರ್ಮೋಕಪಲ್ ತುದಿಯ ಬಿಸಿಯನ್ನು ನೇರವಾಗಿ ಅಳೆಯುವುದಿಲ್ಲ. ಕ್ರೋಮೆಲ್, ಅಲ್ಯುಮೆಲ್ ಎಂಬ ಎರಡು ಬೇರೆ ಲೋಹದ ತಂತಿಗಳ ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ ಇದ್ದಾಗ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ಅಂದರೆ ಸಿಗುವುದು ಎರಡು ತುದಿಗಳ ನಡುವಿನ ವ್ಯತ್ಯಾಸ. ಮ್ಯಾಕ್ಸ್6675 ಚಿಪ್ಪು ತಾನಿರುವ ಜಾಗದ ಬಿಸಿಯನ್ನು ಅಳೆದು ಆ ವ್ಯತ್ಯಾಸಕ್ಕೆ ಕೂಡಿಸುತ್ತದೆ. ಇನ್ನೊಂದು ತುದಿ ತನ್ನ ಹತ್ತಿರವೇ ಇದೆ ಎಂಬ ನಂಬಿಕೆಯ ಮೇಲೆ ಅದರ ಲೆಕ್ಕ. ನೀವು ಕನೆಕ್ಟರಿನಿಂದ ತಾಮ್ರದ ವೈರ್ ಹಾಕಿದ ಕೂಡಲೇ ಆ ತುದಿ ಒಲೆಯ ಬೆನ್ನಿಗೆ ಹೋಯಿತು. ಒಲೆ ಕಾದಾಗ ಅಲ್ಲಿ 100 ಡಿಗ್ರಿ ಇದ್ದು, ಬೋರ್ಡಿನ ಹತ್ತಿರ 30 ಇದ್ದರೆ, ಪರದೆ ನಿಜಕ್ಕಿಂತ 70 ಕಡಿಮೆ ತೋರಿಸುತ್ತದೆ. ಪಿಐಡಿ ಪಾಪ, ಬಿಸಿ ಸಾಲದು ಎಂದುಕೊಂಡು ಇನ್ನಷ್ಟು ಕರೆಂಟ್ ಕೊಡುತ್ತದೆ.

ಹಾಗಾದರೆ ಕುದಿಯುವ ನೀರಿನಲ್ಲಿ ಸರಿ ತೋರಿಸಿದ್ದು ಹೇಗೆ? ಆಗ ಕನೆಕ್ಟರೂ ಬೋರ್ಡೂ ಎರಡೂ ಕೋಣೆಯ ತಂಪಿನಲ್ಲಿದ್ದವು. ತಪ್ಪು ಅಲ್ಲೇ ಇತ್ತು, ಕಾಣಿಸಲಿಲ್ಲ ಅಷ್ಟೇ. ಅಂದಹಾಗೆ 97 ಎಂಬುದು ಬೆಂಗಳೂರಿಗೆ ಸರಿಯಾದ ಅಂಕಿ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 100ಕ್ಕೆ ಮೊದಲೇ ಕುದಿಯುತ್ತದೆ. ಎಷ್ಟೋ ಜನ ಇಲ್ಲಿ ಕೋಡಿನಲ್ಲಿ 3 ಡಿಗ್ರಿ ಸೇರಿಸಿ, ಸರಿಯಿದ್ದದ್ದನ್ನು ಕೆಡಿಸುತ್ತಾರೆ. ನೀವು ಹಾಗೆ ಮಾಡಲಿಲ್ಲ, ಒಳ್ಳೆಯದು.

ಈಗ ನಿಮ್ಮ ಕೈ ಕೀಬೋರ್ಡಿಗೆ ಹೋಗುತ್ತದೆ ಎಂದು ಗೊತ್ತು. 70 ಕಡಿಮೆ ತೋರಿಸಿದರೆ 70 ಕೂಡಿಸಿಬಿಡೋಣ ಎನ್ನಿಸುತ್ತದೆ. ಬೇಡ. ಈ ತಪ್ಪು ಒಂದೇ ಸಮ ಇರುವುದಿಲ್ಲ. ಮೊದಲ ಚಾಕುವಿಗೆ 40 ಇದ್ದದ್ದು, ಒಲೆಯ ಬೆನ್ನು ಪೂರ್ತಿ ಕಾದ ಮೇಲೆ ಮೂರನೆಯದಕ್ಕೆ 90 ಆಗಬಹುದು. ಮಾಮೂಲಿ ವೈರ್ ಕಿತ್ತುಹಾಕಿ, ಕೆ ಟೈಪಿನ ಎಕ್ಸ್‌ಟೆನ್ಷನ್ ವೈರನ್ನೇ (ಥರ್ಮೋಕಪಲ್ಲಿನಂಥದೇ ಲೋಹಗಳ ತಂತಿ) ಬೋರ್ಡಿನವರೆಗೆ ಎಳೆಯಿರಿ. ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬಣ್ಣ ನೋಡಿ ಜೋಡಿಸಿ. ಅಮೆರಿಕನ್ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಯೂರೋಪಿನ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಕೆಂಪು ಎಂದರೆ ಪ್ಲಸ್ ಎಂದು ಕಲಿತ ನಮ್ಮ ಕೈಗಳು ಇಲ್ಲಿ ಸುಲಭವಾಗಿ ಎಡವುತ್ತವೆ. ಈ ವೈರನ್ನು ಎರಡೂ ತುದಿಯಲ್ಲಿ ತಿರುಗುಮುರುಗು ಮಾಡಿದರೆ ತಪ್ಪು ಸರಿಹೋಗುವುದಿಲ್ಲ, ದುಪ್ಪಟ್ಟಾಗುತ್ತದೆ.

ಥರ್ಮೋಕಪಲ್ಲಿನ ತುದಿ ಎಲ್ಲಿದೆ ಎಂದೂ ನೋಡಿ. ಅದು ಇಟ್ಟಿಗೆಯ ತೂತಿನೊಳಗೇ ಅಡಗಿ ಕೂತಿದ್ದರೆ ಚಾಕುವಿನ ಬಿಸಿ ಅದಕ್ಕೆ ಗೊತ್ತಾಗುವುದೇ ಇಲ್ಲ. ಎರಡು ಅಂಗುಲವಾದರೂ ಒಲೆಯೊಳಗೆ, ಚಾಕು ಇರುವ ಮಟ್ಟದಲ್ಲಿ ಚಾಚಿರಬೇಕು.

ಎಲ್ಲ ಸರಿಮಾಡಿದ ಮೇಲೆ ಪರೀಕ್ಷೆ ಹೇಗೆ? ಅಡುಗೆಮನೆಯಲ್ಲೇ ಇದೆ. ಉಪ್ಪು 801 ಡಿಗ್ರಿಗೆ ಕರಗುತ್ತದೆ. ಹಳೆಯ ಸ್ಟೀಲ್ ಚಮಚದಲ್ಲಿ ಒಂದು ಚಿಟಿಕೆ ಪುಡಿ ಉಪ್ಪು ಹಾಕಿ ಥರ್ಮೋಕಪಲ್ ತುದಿಯ ಪಕ್ಕದಲ್ಲಿಡಿ. ಕಲ್ಲುಪ್ಪು ಬೇಡ, ಒಳಗಿನ ತೇವಕ್ಕೆ ಸಿಡಿಯುತ್ತದೆ. 650ರಿಂದ ನಿಧಾನವಾಗಿ ಏರಿಸುತ್ತಾ, ಪ್ರತಿ ಸಲ ಕರೆಂಟ್ ಆರಿಸಿ ಇಣುಕಿ ನೋಡಿ. ಬಿಳಿ ಪುಡಿ ನೀರಿನ ಹಾಗೆ ತಿಳಿಯಾದಾಗ ಪರದೆಯಲ್ಲಿ ಎಷ್ಟಿದೆ ಎಂದು ಬರೆದುಕೊಳ್ಳಿ. ದಿನಾ ಮಾಡಬೇಡಿ, ಉಪ್ಪಿನ ಆವಿ ಸುರುಳಿಯನ್ನು ತಿನ್ನುತ್ತದೆ. ಆಮೇಲಿನ ದಿನಗಳಿಗೆ ಆಯಸ್ಕಾಂತ ಸಾಕು. ಕಬ್ಬಿಣ 770 ಡಿಗ್ರಿಯ ಆಸುಪಾಸಿನಲ್ಲಿ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ನಿಮ್ಮ ಪರದೆ 690 ಎನ್ನುವಾಗಲೇ ಅಂಟು ಬಿಟ್ಟರೆ ಸುಳ್ಳು ಯಾರದು ಎಂದು ಗೊತ್ತಾಗುತ್ತದಲ್ವಾ? ಆದರೆ ಆಯಸ್ಕಾಂತ ಬಿಟ್ಟ ತಕ್ಷಣ ಅದ್ದುವುದು ಎಂಬ ಮಾತು ಅರ್ಧ ಸತ್ಯ. ಅಲ್ಲಿಂದ ಇನ್ನೂ 50-60 ಡಿಗ್ರಿ ಮೇಲೆ ಹೋಗಬೇಕು.

ಇನ್ನು ಕೋಡ್. ಅದರಲ್ಲಿ ತಪ್ಪಿದೆ, ಆದರೆ ನೀವು ಹುಡುಕುವ ಜಾಗದಲ್ಲಿಲ್ಲ. ಅಂಕಿ ಅಲ್ಲಾಡದೆ ನಿಲ್ಲುತ್ತದೆ ಎಂದಿರಿ. ಮ್ಯಾಕ್ಸ್6675 ಒಂದು ಸಲ ಅಳೆಯಲು 0.22 ಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಮತ್ತೆ ಓದಲು ಹೋದರೆ ನಡೆಯುತ್ತಿದ್ದ ಅಳತೆಯನ್ನು ಅಲ್ಲಿಗೇ ಬಿಟ್ಟು ಹಳೆಯ ಅಂಕಿಯನ್ನೇ ಕೊಡುತ್ತದೆ. ನಿಮ್ಮ ಕೋಡು ಆಗಾಗ ಅಷ್ಟರೊಳಗೇ ಮತ್ತೆ ಮತ್ತೆ ಓದುತ್ತಿರಬೇಕು. ಒಲೆ ಏರುತ್ತಿರುತ್ತದೆ, ಕೋಡಿಗೆ ಸುದ್ದಿಯೇ ಇರುವುದಿಲ್ಲ. ಅರ್ಧ ಸೆಕೆಂಡಿಗೊಮ್ಮೆ ಓದಿ, ಸಾಕು. ಇಟ್ಟಿಗೆಯ ಒಲೆ ಅಷ್ಟೇನೂ ಅವಸರದ ಪ್ರಾಣಿಯಲ್ಲ. ಥರ್ಮೋಕಪಲ್ ಕಿತ್ತುಹೋದರೆ ಈ ಚಿಪ್ಪು ಒಂದು ಬಿಟ್‌ನಲ್ಲಿ ಹೇಳುತ್ತದೆ, ಅದನ್ನು ಪ್ರತಿ ಸಲ ನೋಡಿ. ಜೊತೆಗೆ ಒಂದು ನಿಯಮ ಬರೆಯಿರಿ: ಪೂರ್ತಿ ಕರೆಂಟ್ ಕೊಟ್ಟು ಐದು ನಿಮಿಷವಾದರೂ ಬಿಸಿ ಏರದಿದ್ದರೆ ಎಲ್ಲ ಆರಿಸು. 3ಡಿ ಪ್ರಿಂಟರುಗಳ ಫರ್ಮ್‌ವೇರಿನಲ್ಲಿ ಇದು ಮಾಮೂಲಿ. ನನ್ನ ಆ ರಾತ್ರಿ ಪಾಳಿಯ ಕಥೆ ಇಂಥದ್ದಕ್ಕೇ. ರಾಸ್ಪ್‌ಬೆರಿ ಪೈ ಬೇಡವೇ ಬೇಡ. ಅದಕ್ಕೆ ಬದಲಾಯಿಸಿದರೆ ಇದೇ ತಪ್ಪು ಅಂಕಿಯನ್ನು ಇನ್ನೂ ಚೆಂದದ ಗ್ರಾಫಿನಲ್ಲಿ ನೋಡಬಹುದು, ಅಷ್ಟೇ.

ಸಕ್ಕರೆ ಹರಳಿನ ವಿಷಯಕ್ಕೆ ಬರುತ್ತೇನೆ. ಉಕ್ಕು ಕಾದಷ್ಟೂ ಒಳಗಿನ ಕಣಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ದಪ್ಪ ಕಣದ ಉಕ್ಕು ಗಟ್ಟಿಯೇನೋ ಆಗುತ್ತದೆ, ಆದರೆ ಗಾಜಿನ ಹಾಗೆ ಮುರಿಯುತ್ತದೆ. ಮುರಿದ ಜಾಗ ರಾಗಿ ಹಿಟ್ಟಿನ ಹಾಗೆ ನುಣ್ಣಗೆ, ಬೂದು ಬಣ್ಣಕ್ಕೆ, ಹೊಳಪಿಲ್ಲದೆ ಇರಬೇಕು. ನಿಮ್ಮದು ಹರಳು ಹರಳಾಗಿದೆ ಎಂದರೆ ಒಲೆಯೊಳಗೆ 815 ಇರಲಿಲ್ಲ, 900 ದಾಟಿತ್ತು ಎಂದೇ ನನ್ನ ಲೆಕ್ಕ. ಮೇಲಿಂದ ಮುಕ್ಕಾಲು ಗಂಟೆ ಬೇಯಿಸಿದಿರಿ. ಅಷ್ಟು ಹೊತ್ತು ಕೆಲವು ಸ್ಟೇನ್‌ಲೆಸ್ ಉಕ್ಕುಗಳಿಗೆ ಬೇಕು. ಲೀಫ್ ಸ್ಪ್ರಿಂಗಿನ ತೆಳು ಅಲಗಿಗೆ, ಒಲೆಯ ಬಿಸಿಗೆ ಬಂದ ಮೇಲೆ ಐದರಿಂದ ಹತ್ತು ನಿಮಿಷ ಸಾಕು.

ಅಲ್ಲದೆ 815 ಎಂಬ ಅಂಕಿಯೂ ನಿಮ್ಮ ಉಕ್ಕಿನದಲ್ಲ. ಅದು ಅಮೆರಿಕದ ಹವ್ಯಾಸಿಗಳು ಬಳಸುವ 1084 ಎಂಬ ಉಕ್ಕಿನದು. ಲಾರಿ ಪಟ್ಟಿಗಳಲ್ಲಿ ಕ್ರೋಮಿಯಂ ಇರುವ ಸಪ್9 ಥರದವೂ ಇವೆ, ಸಿಲಿಕಾನ್ ಜಾಸ್ತಿ ಇರುವ ಇಎನ್45 ಥರದವೂ ಇವೆ. ಮೊದಲನೆಯದಕ್ಕೆ 830-845 ಹಿಡಿಸುತ್ತದೆ. ಎರಡನೆಯದಕ್ಕೆ ಅದಕ್ಕಿಂತ ಸುಮಾರು 50 ಜಾಸ್ತಿ ಬೇಕು. ಗುಜರಿಯ ಪಟ್ಟಿ ಯಾವ ಜಾತಿಯದೆಂದು ನೋಡಿ ಹೇಳಲು ನನ್ನಿಂದಲೂ ಆಗುವುದಿಲ್ಲ. ಮೇಲಾಗಿ ಅದು ಹತ್ತಾರು ವರ್ಷ ಗುಂಡಿ ಬಿದ್ದ ರಸ್ತೆಗಳಲ್ಲಿ ಕುಣಿದದ್ದು. ಕಣ್ಣಿಗೆ ಕಾಣದ ಬಿರುಕು ಮೊದಲೇ ಇರಬಹುದು. ಗುಜರಿ ಪಟ್ಟಿ ಪುಕ್ಕಟೆ ಎಂಬುದು ಈ ಹವ್ಯಾಸದ ದೊಡ್ಡ ಭ್ರಮೆ. ಎರಡು ವಾರದ ಸಂಜೆಗಳನ್ನು ಹಾಕಿ ಉಜ್ಜಿದ ಚಾಕು ಸೀಳಿದರೆ ಏನು ಪುಕ್ಕಟೆ? ಸ್ಪ್ರಿಂಗ್ ಮಾಡುವವರ ಹತ್ತಿರ ಹೊಸ ಪಟ್ಟಿಯ ತುಂಡು ಕೇಳಿ, ಜಾತಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿ.

ನೀರು ಬೇಕೋ ಎಣ್ಣೆ ಬೇಕೋ? ನಿಮ್ಮ ಊರಿನ ಕಮ್ಮಾರರು ನೀರಿಗೆ ಅದ್ದಿದ್ದು ನಿಜ, ಒಡೆಯದಿದ್ದದ್ದೂ ನಿಜ. ಆದರೆ ಅವರು ಮಾಡಿದ್ದನ್ನು ನೀವು ಪೂರ್ತಿ ನೋಡಿಲ್ಲ. ಇಡೀ ಮಚ್ಚನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಎತ್ತುತ್ತಾರೆ. ಬೆನ್ನು ಇನ್ನೂ ಕೆಂಪಗಿರುತ್ತದೆ. ಬಾಯಿಯನ್ನು ಕಲ್ಲಿಗೆ ಒಂದೆರಡು ಸಲ ಉಜ್ಜಿ ಹೊಳಪು ಮಾಡಿ ನೋಡುತ್ತಾ ನಿಲ್ಲುತ್ತಾರೆ. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಗೆ ಇಳಿಯುವಾಗ ಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಎಂದು ಬಣ್ಣ ಓಡುತ್ತದೆ. ಬೇಕಾದ ಬಣ್ಣ ಬಾಯಿಗೆ ಬಂದಾಗ ಮತ್ತೆ ಅದ್ದುತ್ತಾರೆ. ಗಟ್ಟಿ ಮಾಡುವುದು, ಹದ ಕೊಡುವುದು (ಮತ್ತೆ ಮೆಲ್ಲಗೆ ಕಾಯಿಸಿ ಪೆಡಸು ಇಳಿಸುವುದು) ಎರಡೂ ಒಂದೇ ನಿಮಿಷದಲ್ಲಿ ಮುಗಿಯಿತು. ಅವರು ಬಳಸುವ ಕಬ್ಬಿಣದಲ್ಲಿ ಇಂಗಾಲವೂ ಸಾಮಾನ್ಯವಾಗಿ ಕಡಿಮೆ. ಕುಲುಮೆ ಕತ್ತಲೆ ಮೂಲೆಯಲ್ಲಿರುವುದೂ ಸುಮ್ನೆ ಅಲ್ಲ. ಕೆಂಪಿನ ಬಣ್ಣ ನೆರಳಿನಲ್ಲಿ ಮಾತ್ರ ಸರಿಯಾಗಿ ಓದಲು ಸಿಗುತ್ತದೆ. ಉಕ್ಕು ತನ್ನ ಒಳರಚನೆ ಬದಲಿಸುವ ಹೊತ್ತಿಗೆ ಅಲಗಿನ ಮೇಲೆ ಮಸುಕು ನೆರಳೊಂದು ಹರಿದು ಹೋಗುತ್ತದೆ. ಹಳೆಯ ಕಮ್ಮಾರರಿಗೆ ಅದು ಗೊತ್ತು. ಅವರ ಹತ್ತಿರ ಒಂದು ದಿನ ಹೋಗಿ ಸುಮ್ಮನೆ ಕೂತು ಬನ್ನಿ. ಪಾಶ್ಚಾತ್ಯರು ವೂಟ್ಸ್ ಎಂದು ಕರೆದು ಬೆರಗಾದ ಉಕ್ಕು ನಮ್ಮ ದಕ್ಷಿಣ ಭಾರತದ್ದು. ಆ ಹೆಸರೇ ನಮ್ಮ ‘ಉಕ್ಕು’ ಪದದಿಂದ ಬಂದದ್ದೆಂದು ಹೇಳುತ್ತಾರೆ.

ನಿಮ್ಮ ಪಟ್ಟಿಗೆ ಬೇಕಾದದ್ದು ಎಣ್ಣೆ. ಹಳೆಯ ಎಂಜಿನ್ ಆಯಿಲ್ ಮಾತ್ರ ಬೇಡ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಸುಟ್ಟ ಕೊಳೆ ಎಲ್ಲ ಇದೆ. ಹೊಗೆ ನಿಮ್ಮ ಎದೆಗೆ, ಉಳಿದದ್ದು ಅಡುಗೆ ಚಾಕುವಿಗೆ. ನೀರು ಸೇರಿದ್ದರೆ ಉಕ್ಕಿ ಹೊರಚೆಲ್ಲಿ ಬೆಂಕಿ ಹತ್ತುವುದೂ ಉಂಟು. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಐದು ಲೀಟರ್ ತೆಗೆದುಕೊಂಡು, 50-60 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿಗೆ ಚೆನ್ನಾಗಿ ಅಂಟುತ್ತದೆ, ತಣ್ಣಗಿನದಕ್ಕಿಂತ ಬೇಗ ಬಿಸಿ ಎಳೆಯುತ್ತದೆ. ಕೇಳಲು ವಿಚಿತ್ರ, ಆದರೆ ಹಾಗೇ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಪಾತ್ರೆ ಇರಲಿ. ಅದರ ಮುಚ್ಚಳ ಕೈಗೆಟುಕುವಲ್ಲಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚುವುದೇ ಉಪಾಯ, ನೀರು ಎರಚಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಚಾಕುವನ್ನು ನೇರವಾಗಿ ಇಳಿಸಿ, ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕ ಆಡಿಸಿದರೆ ಸೊಟ್ಟಗಾಗುತ್ತದೆ.

ಅದ್ದಿದ ಮೇಲೆ ಅರವನ್ನು ಮೆಲ್ಲಗೆ ಎಳೆದು ನೋಡಿ. ಹಿಡಿಯದೆ ಜಾರಿದರೆ ಗಟ್ಟಿಯಾಗಿದೆ. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಕೂಡಲೇ ಓಟಿಜಿಗೆ ಹಾಕಿ. ಮರುದಿನಕ್ಕೆ ಬಿಡಬೇಡಿ, ಹದ ಕೊಡದ ಅಲಗು ರಾತ್ರಿ ತಾನಾಗಿಯೇ ಸೀಳುವುದುಂಟು. 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. ಅರ್ಧ ಗಂಟೆ ಏನೇನೂ ಸಾಲದು. ಓಟಿಜಿಯ ತಿರುಗುಗುಂಡಿಯ ಅಂಕಿಯನ್ನೂ ನಂಬಬೇಡಿ, ನಿಮ್ಮ ಥರ್ಮೋಕಪಲ್ ಒಂದನ್ನು ಒಳಗಿಡಿ.

ನಿಮ್ಮ ಮನೆಯವರ ಭಯದ ಬಗ್ಗೆ. ಅವರು ಹೇಳಿದ್ದು ಸರಿ. ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಆರುವುದಿಲ್ಲ, ಹಚ್ಚಿದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ನಿಮ್ಮ ಕೋಡ್ ಎಷ್ಟು ಸಲ ಆರು ಎಂದರೂ ಅದಕ್ಕೆ ಕೇಳಿಸುವುದಿಲ್ಲ. 3 ಕಿಲೋವ್ಯಾಟ್ ಎಂದರೆ 13 ಆಂಪ್ಸ್. ಅಷ್ಟು ಹರಿಯುವಾಗ ಎಸ್‌ಎಸ್‌ಆರ್ ತಾನೇ 15 ವ್ಯಾಟಿನಷ್ಟು ಕಾಯುತ್ತದೆ. ದಪ್ಪ ಅಲ್ಯೂಮಿನಿಯಂ ಹೀಟ್ ಸಿಂಕ್ ಇಲ್ಲದಿದ್ದರೆ ಸಾಯುವುದು ಖಂಡಿತ. 40 ಆಂಪ್ಸ್ ಎಂದು ಮೇಲೆ ಬರೆದದ್ದನ್ನೂ ಪೂರ್ತಿ ನಂಬಬೇಡಿ. ಇದಕ್ಕೆ ಮದ್ದು ಕೋಡಿನಲ್ಲಿಲ್ಲ, ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚಿನಲ್ಲಿದೆ. ಬೋರ್‌ವೆಲ್ ಸ್ಟಾರ್ಟರ್ ನೋಡಿದ್ದೀರಲ್ಲ? ಹಸಿರು ಗುಂಡಿ ಒತ್ತಿದರೆ ಹಿಡಿದುಕೊಳ್ಳುತ್ತದೆ, ಕರೆಂಟ್ ಹೋದರೆ ಬಿಡುತ್ತದೆ, ಬಂದರೆ ತಾನಾಗಿ ಶುರುವಾಗುವುದಿಲ್ಲ. ಅದೇ ಏರ್ಪಾಡು ಒಲೆಗೂ ಬೇಕು. ಆ ಕಾಂಟ್ಯಾಕ್ಟರನ್ನು ಹಿಡಿದಿಡುವ ಕರೆಂಟಿನ ದಾರಿಯಲ್ಲಿ ಸಿದ್ಧವಾಗಿ ಸಿಗುವ ಟೆಂಪರೇಚರ್ ಕಂಟ್ರೋಲರ್ ಒಂದನ್ನು, ಅದರದೇ ಬೇರೆ ಥರ್ಮೋಕಪಲ್ ಜೊತೆ ಹಾಕಿ, 950 ದಾಟಿದರೆ ಕಾಂಟ್ಯಾಕ್ಟರ್ ಬಿಡುವ ಹಾಗೆ ಸೆಟ್ ಮಾಡಿ. ನಿಮ್ಮ ಬೋರ್ಡಿಗೂ ಅದಕ್ಕೂ ಯಾವ ಸಂಬಂಧವೂ ಇರಬಾರದು. ಒಬ್ಬನಿಗೆ ನಿದ್ದೆ ಬಂದರೆ ಇನ್ನೊಬ್ಬ ಎಚ್ಚರ ಇರುತ್ತಾನೆ.

ನನಗೆ ಬೆಂಕಿಗಿಂತ ಜಾಸ್ತಿ ಭಯ ಇನ್ನೊಂದು. ಬಾಗಿಲು ತೆಗೆದಾಗ ಸುರುಳಿಯಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ. ಕಬ್ಬಿಣದ ಇಕ್ಕುಳ ಅದಕ್ಕೆ ತಾಗಿದರೆ ಹೊಡೆತ ನಿಮಗೆ. ಬಾಗಿಲು ತೆರೆದ ಕೂಡಲೇ ಕಾಂಟ್ಯಾಕ್ಟರ್ ಬಿಡುವ ಹಾಗೆ ಒಂದು ಲಿಮಿಟ್ ಸ್ವಿಚ್ ಹಾಕಿ. ಒಲೆಯ ಡಬ್ಬಕ್ಕೆ ಅರ್ತಿಂಗ್, ಲೈನಿಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಕಡ್ಡಾಯ. ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ನಾಚಿಕೆ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಹಚ್ಚಿಟ್ಟು ಮಲಗಬೇಡಿ.

ಈ ರಗಳೆ ಬೇಡ ಎನಿಸಿದರೆ ಬೇರೆ ದಾರಿಗಳಿವೆ. ಚಾಕು ಮಾಡುವುದೇ ಖುಷಿ, ಒಲೆಯಲ್ಲ ಎಂದಾದರೆ ಪೀಣ್ಯದಂಥ ಕಡೆ ಹೀಟ್ ಟ್ರೀಟ್‌ಮೆಂಟ್ ಶೆಡ್‌ಗೆ ಕೊಡಿ. ತೂಕದ ಲೆಕ್ಕ, ಕನಿಷ್ಠ ಇಷ್ಟು ಎಂದು ದರ ಇರುತ್ತದೆ. ಒಂದೇ ಚಾಕು ಒಯ್ದರೆ ದುಬಾರಿ, ಹತ್ತು ಸೇರಿಸಿ ಒಯ್ಯಿರಿ. ಉಕ್ಕಿನ ಜಾತಿ ಗೊತ್ತಿರಲೇಬೇಕು. ಇಲ್ಲದಿದ್ದರೆ ಅವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಇನ್ನೊಂದು, ಕಾಯಿಸುವ ಗೋಜೇ ಬೇಡವೆಂದರೆ ವರ್ಕ್‌ಶಾಪುಗಳ ಹಳೆಯ ಪವರ್ ಹ್ಯಾಕ್ಸಾ ಬ್ಲೇಡು. ಹೈಸ್ಪೀಡ್ ಸ್ಟೀಲಿನದಾದರೆ ಮೊದಲೇ ಗಟ್ಟಿ, ನೀರಲ್ಲಿ ಅದ್ದುತ್ತಾ ಉಜ್ಜಿ ಆಕಾರ ಕೊಟ್ಟರಾಯಿತು. ಕೆಲವು ಬ್ಲೇಡುಗಳಲ್ಲಿ ಹಲ್ಲು ಮಾತ್ರ ಗಟ್ಟಿ, ಮೈ ಮೆತ್ತಗೆ. ಬೆನ್ನಿಗೆ ಅರ ಹಿಡಿದು ನೋಡಿ ತೆಗೆದುಕೊಳ್ಳಿ. ಯಾವ ದಾರಿ ಹಿಡಿದರೂ ಗ್ರೈಂಡರಿನ ಗಾರ್ಡ್ ತೆಗೆಯಬೇಡಿ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಉಜ್ಜಿದ ಧೂಳು ಕೆಮ್ಮಿದರೆ ಹೋಗುವಂಥದ್ದಲ್ಲ.

ಪೊಲೀಸರ ವಿಷಯ ಚಿಕ್ಕದು. ಆಯುಧ ನಿಯಮಗಳು ಕತ್ತಿ, ಬಾಕು ಮುಂತಾದವನ್ನೂ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನೂ ಆಯುಧಗಳ ಸಾಲಿನಲ್ಲಿಡುತ್ತವೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದವನ್ನು ಹೊರಗಿಡುತ್ತವೆ. ತರಕಾರಿ ಹೆಚ್ಚುವ ಚಾಕುವಿಗೆ ತಕರಾರಿಲ್ಲ. ಎರಡೂ ಕಡೆ ಬಾಯಿರುವ ಬಾಕು, ಸಿನಿಮಾ ಕತ್ತಿಗಳ ಗೋಜಿಗೆ ಹೋಗಬೇಡಿ. ಮಾಡಿದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬೇಡಿ. ಮಾರುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.

ಈಗ ಆ ಸೀಳಿದ ಎರಡು ಚಾಕುಗಳು. ಕಣ್ಣಿಗೆ ಕನ್ನಡಕ ಹಾಕಿಕೊಂಡು ಎರಡೆರಡು ಅಂಗುಲದ ತುಂಡು ಮಾಡಿ. ಮೊದಲು ಎಲ್ಲವನ್ನೂ 870, 840, 810 ಹೀಗೆ ಇಳಿಸುತ್ತಾ ಮೂರು ಸಲ ಕಾಯಿಸಿ, ಪ್ರತಿ ಸಲ ಗಾಳಿಯಲ್ಲಿ ತಣಿಸಿ. ದಪ್ಪವಾದ ಕಣಗಳು ಮತ್ತೆ ಸಣ್ಣದಾಗುತ್ತವೆ. ಆಮೇಲೆ ಒಂದು ತುಂಡನ್ನು 820ರಲ್ಲಿ, ಒಂದನ್ನು 840ರಲ್ಲಿ, ಒಂದನ್ನು 860ರಲ್ಲಿ, ಒಂದನ್ನು 890ರಲ್ಲಿ ಎಣ್ಣೆಗೆ ಅದ್ದಿ. ಅರ ಜಾರುತ್ತದೆಯೇ ನೋಡಿ. ಬಟ್ಟೆ ಸುತ್ತಿ ವೈಸಿಗೆ ಹಿಡಿದು ಸುತ್ತಿಗೆಯಿಂದ ಮುರಿಯಿರಿ. ಮುರಿದ ಮುಖಗಳನ್ನು ಸಾಲಾಗಿಟ್ಟು ಬಿಸಿಲಿಗೆ ಹಿಡಿದು ನೋಡಿ. ಅರವೂ ಜಾರಿ, ಮುಖವೂ ರಾಗಿ ಹಿಟ್ಟಿನಂತೆ ಕಂಡ ತುಂಡು ಯಾವುದೋ, ನಿಮ್ಮ ಪಟ್ಟಿಗೆ ನಿಮ್ಮ ಒಲೆಯಲ್ಲಿ ಅದೇ ಅಂಕಿ. ಮೂತಿ ಮುರಿದ ಮೂರನೆಯ ಚಾಕುವಿಗೂ ಅದೇ ಮೂರು ಸುತ್ತು ಕೊಟ್ಟು, ಮೂತಿಯನ್ನು ಗಿಡ್ಡ ಮಾಡಿ, ಆ ಅಂಕಿಯಲ್ಲಿ ಮತ್ತೆ ಅದ್ದಿ. ಈರುಳ್ಳಿ ಹೆಚ್ಚಲು ಚೂಪು ಮೂತಿ ಬೇಕಿಲ್ಲ.